ವಿನಿಮಯಕೇಂದ್ರಗಳಿಗೆ ಅಂತರ್ಜಾಲ ವಿಳಾಸಗಳ ಹಂಚಿಕೆ: ನಿಯಮಪಾಠಗಳ ಒಂದು ವಿಮರ್ಶೆ

1

ನಿಯಮಪತ್ರಗಳನ್ನು ವಿಮರ್ಶೆಯ ವಸ್ತುವೆಂದು ಭಾವಿಸುವ ವಾಡಿಕೆ ನಮ್ಮಲ್ಲಿ ಕಡಿಮೆ. ಅವು ಪಾಲಿಸತಕ್ಕವೇ ಹೊರತು ಓದಿ ತೂಗತಕ್ಕವಲ್ಲವೆಂಬ ಭಾವನೆ ರೂಢವಾಗಿದೆ. ಆದರೆ ಒಂದು ಸೌಲಭ್ಯ ಯಾರಿಗೆ ಸಲ್ಲಬೇಕು, ಯಾರಿಗೆ ಸಲ್ಲಬಾರದು ಎಂದು ಹೇಳುವ ಯಾವ ನಿಯಮದಲ್ಲಾದರೂ ಒಂದು ಲಕ್ಷಣವಾಕ್ಯ ಅಡಗಿರುತ್ತದೆ. ಲಕ್ಷಣವಿರುವ ಕಡೆ ಅವ್ಯಾಪ್ತಿ ಅತಿವ್ಯಾಪ್ತಿಗಳ ಪರೀಕ್ಷೆಗೂ ಎಡೆಯಿರುತ್ತದೆ. ಅಂತರ್ಜಾಲದ ವಿಳಾಸಗಳನ್ನು ಹಂಚುವ ಪ್ರಾದೇಶಿಕ ಸಂಸ್ಥೆಗಳು ಜಾಲ ವಿನಿಮಯಕೇಂದ್ರಗಳಿಗಾಗಿ ರಚಿಸಿಕೊಂಡಿರುವ ವಿಶೇಷ ನಿಯಮಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ವಿನಿಮಯಕೇಂದ್ರವೆಂದರೇನೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಅಂತರ್ಜಾಲವು ಒಂದೇ ಜಾಲವಲ್ಲ. ಸಾವಿರಾರು ಸ್ವಾಯತ್ತ ಜಾಲಗಳ ಕೂಟ. ಒಂದೇ ಊರಿನಲ್ಲಿರುವ ಎರಡು ಜಾಲಗಳಿಗೆ ನೇರವಾದ ಸಂಬಂಧವಿಲ್ಲದಿದ್ದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ಸಂದೇಶ ಮೂರನೆಯ ದೊಡ್ಡ ಜಾಲವೊಂದಕ್ಕೆ ಸುಂಕ ತೆತ್ತು, ಕೆಲವೊಮ್ಮೆ ಸಮುದ್ರದಾಚೆಗೆ ಹೋಗಿ ಸುತ್ತಿ ಬರಬೇಕಾಗುತ್ತದೆ. ಇದನ್ನು ತಪ್ಪಿಸಲು ಜಾಲಗಳೆಲ್ಲ ಒಂದು ಸಾಮಾನ್ಯ ಸ್ಥಳದಲ್ಲಿ ತಂತಮ್ಮ ರೂಟರುಗಳನ್ನು ಒಂದು ಸ್ವಿಚ್ಚಿಗೆ ಜೋಡಿಸಿ ಪರಸ್ಪರ ಕೊಟ್ಟು ಕೊಳ್ಳುತ್ತವೆ. ಆ ಸ್ಥಳವೇ ವಿನಿಮಯಕೇಂದ್ರ. ನಮ್ಮ ಹಳ್ಳಿಗಳ ಕಡೆಯ ಸಂತೆಮಾಳವನ್ನು ನೆನೆದರೆ ಇದರ ಸ್ವರೂಪ ತಿಳಿಯುತ್ತದೆ. ಸಂತೆಮಾಳ ತಾನಾಗಿ ಏನನ್ನೂ ಮಾರುವುದಿಲ್ಲ, ಕೊಳ್ಳುವುದೂ ಇಲ್ಲ. ಮಾರುವವರೂ ಕೊಳ್ಳುವವರೂ ಬಂದು ನಿಲ್ಲುವುದಕ್ಕೆ ಅಲ್ಲಿ ನೆಲವಿದೆ, ಅಷ್ಟೆ.

ಅಮೆರಿಕದ ಸರ್ಕಾರದ ನೆರವಿನಿಂದ ನಡೆಯುತ್ತಿದ್ದ ಎನ್.ಎಸ್.ಎಫ್. ಬೆನ್ನುಜಾಲವು 1995ರ ಏಪ್ರಿಲ್ 30ರಂದು ನಿಂತಮೇಲೆ ಇಂತಹ ಕೂಡುನೆಲೆಗಳು ಅಂತರ್ಜಾಲದ ರಚನೆಗೆ ಅನಿವಾರ್ಯವಾದುವು. ಲಂಡನ್ನಿನ ಕೇಂದ್ರ 1994ರಲ್ಲಿಯೂ ಫ್ರಾಂಕ್‌ಫರ್ಟಿನದು 1995ರಲ್ಲಿಯೂ ಹುಟ್ಟಿದುವು. ಭಾರತದಲ್ಲಿ ನಿಕ್ಸಿ ಎಂದು ಹೆಸರಾದ ರಾಷ್ಟ್ರೀಯ ವಿನಿಮಯ ಸಂಸ್ಥೆ 2003ರಲ್ಲಿ ಸ್ಥಾಪಿತವಾಯಿತು. ಬೆಂಗಳೂರಿನಲ್ಲಿಯೂ ಅದರ ಒಂದು ನೆಲೆಯಿದೆ.

2

ಕೇಂದ್ರದ ಸ್ವಿಚ್ಚಿಗೆ ಸೇರಿಸಿದ ಪ್ರತಿಯೊಂದು ರೂಟರಿಗೂ ಒಂದೊಂದು ವಿಳಾಸ ಬೇಕು. ಆ ವಿಳಾಸಗಳೆಲ್ಲ ಒಂದೇ ತುಂಡಿನಿಂದ ಬಂದಿರಬೇಕು. ಪ್ರಶ್ನೆ ಹುಟ್ಟುವುದು ಇಲ್ಲಿಯೇ: ಆ ತುಂಡು ಯಾರದು?

ವಿಳಾಸ ಹಂಚಿಕೆಯ ಸಾಮಾನ್ಯ ತತ್ತ್ವಗಳನ್ನು 1996ರ ನವೆಂಬರಿನಲ್ಲಿ ಪ್ರಕಟವಾದ ಆರ್.ಎಫ್.ಸಿ. 2050 ಎಂಬ ಪತ್ರ ಕ್ರೋಡೀಕರಿಸಿತು. ಮಿತವ್ಯಯ, ಮಾರ್ಗಸೌಲಭ್ಯ, ನೋಂದಣಿ ಎಂಬ ಮೂರು ಗುರಿಗಳನ್ನು ಅದು ಮುಂದಿಟ್ಟಿತು. ವಿಳಾಸಗಳು ಪರಿಮಿತವಾದುದರಿಂದ ಅಗತ್ಯಕ್ಕೆ ತಕ್ಕಷ್ಟೆ ಕೊಡಬೇಕು. ಜಗತ್ತಿನ ಮಾರ್ಗಪಟ್ಟಿಗಳು ಉಬ್ಬದಂತೆ ದೊಡ್ಡ ಜಾಲದ ಪಾಲಿನೊಳಗಿಂದಲೇ ಚಿಕ್ಕ ಜಾಲಕ್ಕೆ ಕೊಡಬೇಕು. ಯಾರಿಗೆ ಏನು ಸಂದಿತೆಂಬುದನ್ನು ಬರೆದಿಡಬೇಕು. 2013ರಲ್ಲಿ ಈ ಪತ್ರದ ಸ್ಥಾನಕ್ಕೆ ಬಂದ ಆರ್.ಎಫ್.ಸಿ. 7020 ಕೂಡ ಹೆಚ್ಚು ಕಡಿಮೆ ಇವೇ ಗುರಿಗಳನ್ನು ಉಳಿಸಿಕೊಂಡಿದೆ.

ಈ ತತ್ತ್ವಗಳನ್ನು ಯಥಾವತ್ತಾಗಿ ಅನ್ವಯಿಸಿದರೆ ವಿನಿಮಯಕೇಂದ್ರವು ತನ್ನ ಸದಸ್ಯಜಾಲಗಳಲ್ಲಿ ಒಂದರಿಂದ ವಿಳಾಸಗಳನ್ನು ಎರವಲು ಪಡೆಯಬೇಕಾಗುತ್ತದೆ. ಆಗ ಸಂತೆಮಾಳವನ್ನು ಒಬ್ಬ ವರ್ತಕನ ಹಿತ್ತಿಲಿನಲ್ಲಿ ನಡೆಸಿದಂತಾಗುತ್ತದೆ. ಆ ಸದಸ್ಯನು ಕೇಂದ್ರವನ್ನು ಬಿಟ್ಟುಹೋದರೆ, ಇಲ್ಲವೆ ಮುನಿದು ತನ್ನ ತುಂಡನ್ನು ಹಿಂದಕ್ಕೆ ಕೇಳಿದರೆ, ಉಳಿದವರೆಲ್ಲರೂ ತಮ್ಮ ವಿಳಾಸಗಳನ್ನು ಬದಲಿಸಿಕೊಳ್ಳಬೇಕು. ಕೇಳದಿದ್ದರೂ ಕೇಳಬಹುದೆಂಬ ಅಂಜಿಕೆ ಉಳಿದವರಿಗೆ ತಪ್ಪುವುದಿಲ್ಲ.

ಖಾಸಗಿ ಬಳಕೆಗೆಂದು 1996ರಲ್ಲಿಯೇ ಗೊತ್ತುಮಾಡಿದ ವಿಳಾಸಗಳನ್ನು ಬಳಸಬಾರದೇಕೆ ಎಂದು ಕೇಳಬಹುದು. ಕೇಂದ್ರದ ವಿಳಾಸಗಳು ಹೊರಲೋಕಕ್ಕೆ ಕಾಣಬೇಕಾದುವಲ್ಲವಾದುದರಿಂದ ಈ ಆಕ್ಷೇಪ ಮೇಲ್ನೋಟಕ್ಕೆ ಯುಕ್ತವಾಗಿಯೇ ತೋರುತ್ತದೆ. ಆದರೆ ಖಾಸಗಿ ವಿಳಾಸಗಳನ್ನು ಸದಸ್ಯಜಾಲಗಳು ಆಗಲೇ ತಮ್ಮ ಒಳಮನೆಯಲ್ಲಿ ಬಳಸುತ್ತಿರುತ್ತವೆ. ನೂರು ಜಾಲಗಳು ಸೇರುವಲ್ಲಿ ಯಾರೊಬ್ಬರ ಬಳಕೆಗೂ ತಾಕದ ಖಾಸಗಿ ತುಂಡನ್ನು ಹುಡುಕುವುದು ಕಷ್ಟ. ಅಲ್ಲದೆ, ಕೇಂದ್ರದಲ್ಲಿರುವ ರೂಟರು ದೋಷಸೂಚನೆಯನ್ನು ಕಳಿಸಿದಾಗ ಅದರ ಮೇಲೆ ಖಾಸಗಿ ವಿಳಾಸವಿದ್ದರೆ ದಾರಿಯಲ್ಲಿರುವ ಜಾಲಗಳು ಅದನ್ನು ಸಂಶಯಾಸ್ಪದವೆಂದು ತಡೆದುಬಿಡುತ್ತವೆ. ಆದುದರಿಂದ ಇಲ್ಲಿ ಬೇಕಾದುದು ಜಗತ್ತಿನಲ್ಲೆಲ್ಲ ಅನನ್ಯವಾಗಿರುವ, ಆದರೆ ಜಗತ್ತಿಗೆಲ್ಲ ದಾರಿ ತೋರದ ವಿಳಾಸ. ಜನರು ಬಂದು ಮುಟ್ಟಲೆಂದು ಊರಿಗೆ ವಿಳಾಸವಿರುವುದು ವಾಡಿಕೆ. ಇದು ಹೊರಗಿನವರು ಮುಟ್ಟಬಾರದೆಂದೇ ಇಟ್ಟ ವಿಳಾಸ. ಸಾಮಾನ್ಯನಿಯಮಕ್ಕೆ ಅಪವಾದ ಏಕೆ ಬೇಕಾಯಿತೆಂಬುದಕ್ಕೆ ಉತ್ತರ ಇದರಲ್ಲಿಯೇ ಇದೆ. ಅಪವಾದದ ಮೂಲ ಕೇಂದ್ರದ ತಾಟಸ್ಥ್ಯ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಿಯಮಪಾಠಗಳನ್ನು ನೋಡೋಣ.

3

ಮೂರು ಪ್ರದೇಶಗಳ ಪಾಠಗಳನ್ನು ಹೋಲಿಸಬಹುದು. ಯೂರೋಪು ಮತ್ತು ಪಶ್ಚಿಮ ಏಷ್ಯದ ರೈಪ್ ಸಮುದಾಯವು 2000ದ ದಶಕದ ಆರಂಭದಲ್ಲಿ, ಐಪಿಯ ಆರನೆಯ ಆವೃತ್ತಿಯ ವಿಳಾಸಗಳನ್ನು ಕೊಡುವ ಸಂದರ್ಭದಲ್ಲಿ, ವಿನಿಮಯಕೇಂದ್ರದ ಲಕ್ಷಣವನ್ನು ಹೇಳಿತು. ಮುಂದೆ ನಾಲ್ಕನೆಯ ಆವೃತ್ತಿಯ ನಿಯಮವೂ ಅದನ್ನೇ ಎರವಲು ಪಡೆಯಿತು. ಅದರ ತಾತ್ಪರ್ಯವಿದು: ಅಂತರ್ಜಾಲ ಸೇವಾದಾತರ ನಡುವೆ ಸಂಚಾರದ ವಿನಿಮಯಕ್ಕೆ ಅನುಕೂಲ ಮಾಡಿಕೊಡುವ, ಒಂದೇ ಸಂಸ್ಥೆ ನಡೆಸುವ ಭೌತಿಕ ಜಾಲವ್ಯವಸ್ಥೆ, ಕಡಮೆಯೆಂದರೆ ಮೂವರು ಸೇವಾದಾತರು ಸೇರಿರಬೇಕು, ಇತರರು ಸೇರುವುದಕ್ಕೆ ಸ್ಪಷ್ಟವೂ ಮುಕ್ತವೂ ಆದ ನಿಯಮವಿರಬೇಕು.

ಏಷ್ಯ-ಶಾಂತಸಾಗರ ಪ್ರದೇಶದ ಎಪಿನಿಕ್ ಹೇಳುವ ಲಕ್ಷಣ ಇನ್ನೂ ಸಂಕ್ಷಿಪ್ತ: ಅಂತರ್ಜಾಲ ಸಂಚಾರದ ವಿನಿಮಯಕ್ಕಾಗಿ ಮೂರು ಅಥವಾ ಹೆಚ್ಚು ಸ್ವಾಯತ್ತ ಜಾಲಗಳನ್ನು ಕೂಡಿಸುವ ತಳಸ್ತರದ ಜಾಲರಚನೆ. ಕೊಟ್ಟ ವಿಳಾಸಗಳನ್ನು ಸದಸ್ಯರ ಯಂತ್ರಗಳನ್ನು ಕೇಂದ್ರಕ್ಕೆ ಜೋಡಿಸಲು ಮಾತ್ರ ಬಳಸಬೇಕೆಂಬ ಕಟ್ಟುಪಾಡು ಇದರೊಡನೆ ಇದೆ.

ಉತ್ತರ ಅಮೆರಿಕದ ಆರಿನ್ ಸಂಸ್ಥೆ ಲಕ್ಷಣ ಹೇಳುವ ಗೋಜಿಗೆ ಹೋಗದೆ ಸಾಕ್ಷ್ಯ ಕೇಳಿತು. ಕೇಂದ್ರದ ಸ್ಥಳ, ಸೇರ್ಪಡೆಯ ನಿಯಮ, ಸದಸ್ಯರ ಪಟ್ಟಿ ಮುಂತಾದುವನ್ನು ಅರ್ಜಿದಾರರು ಒದಗಿಸಬೇಕೆಂದಿತು. ಮೊದಲು ಇಬ್ಬರು ಸದಸ್ಯರಿದ್ದರೆ ಸಾಕಾಗಿತ್ತು. 2014ರ ಪ್ರಸ್ತಾವವೊಂದು ಅದನ್ನು ಮೂರಕ್ಕೆ ಏರಿಸಿತು.

ಈಗ ಇವುಗಳ ಗುಣದೋಷಗಳನ್ನು ನೋಡಬಹುದು. ರೈಪ್‌ನ ಲಕ್ಷಣದಲ್ಲಿ ಮುಕ್ತತೆಯ ಮಾತು ಸ್ಪಷ್ಟವಾಗಿ ಬಂದಿರುವುದು ಅದರ ದೊಡ್ಡ ಗುಣ. ಆದರೆ ಸದಸ್ಯರನ್ನು ಸೇವಾದಾತರೆಂದು ಕರೆದಿರುವುದು ಅವ್ಯಾಪ್ತಿದೋಷ. ಈಗಿನ ಕೇಂದ್ರಗಳಿಗೆ ಬಂದು ಸೇರುವವರಲ್ಲಿ ಚಲನಚಿತ್ರಗಳನ್ನು ಹಂಚುವ ಸಂಸ್ಥೆಗಳಿವೆ, ವಿಶ್ವವಿದ್ಯಾನಿಲಯಗಳ ಜಾಲಗಳಿವೆ. ಇವರು ಯಾರಿಗೂ ಅಂತರ್ಜಾಲ ಸೇವೆಯನ್ನು ಮಾರುವವರಲ್ಲ. ಮಾತನ್ನು ಹಿಡಿದು ನೋಡಿದರೆ, ಒಬ್ಬ ಸೇವಾದಾತನೂ ಎರಡು ವಿದ್ಯಾಸಂಸ್ಥೆಗಳೂ ಕೂಡಿ ಕಟ್ಟಿದ ಕೇಂದ್ರ ಈ ಲಕ್ಷಣದಿಂದ ಹೊರಗುಳಿಯುತ್ತದೆ. ‘ಒಂದೇ ಸಂಸ್ಥೆ ನಡೆಸುವ’ ಎಂಬ ವಿಶೇಷಣವೂ ಹಾಗೆಯೇ. ಎರಡು ಮೂರು ಸಂಸ್ಥೆಗಳು ಸಹಕಾರದಿಂದ ನಡೆಸುವ ಕೇಂದ್ರಕ್ಕೆ ಅದು ಒಗ್ಗುವುದಿಲ್ಲ.

ಎಪಿನಿಕ್‌ನ ‘ಸ್ವಾಯತ್ತ ಜಾಲ’ ಎಂಬ ಶಬ್ದ ಈ ಅವ್ಯಾಪ್ತಿಯನ್ನು ಪರಿಹರಿಸುತ್ತದೆ. ಆದರೆ ಅದರಿಂದಲೇ ಅತಿವ್ಯಾಪ್ತಿ ಒದಗಿತು. ಒಂದು ದೊಡ್ಡ ಕಂಪನಿಗೆ ಹಲವು ಸ್ವಾಯತ್ತ ಸಂಖ್ಯೆಗಳಿರಬಹುದು. ಒಂದೇ ಒಡೆತನದ ಮೂರು ಜಾಲಗಳನ್ನು ಒಂದು ಸ್ವಿಚ್ಚಿಗೆ ಕಟ್ಟಿ ಅದನ್ನು ವಿನಿಮಯಕೇಂದ್ರವೆಂದು ಹೆಸರಿಸಿದರೆ ಲಕ್ಷಣದ ಅಕ್ಷರಕ್ಕೆ ಭಂಗ ಬರುವುದಿಲ್ಲ. ಅಲ್ಲಿ ವಿನಿಮಯವೂ ಇಲ್ಲ, ತಾಟಸ್ಥ್ಯವೂ ಇಲ್ಲ. ಇತರರಿಗೆ ಬಾಗಿಲು ತೆರೆದಿರಬೇಕೆಂಬ ಮಾತು ಲಕ್ಷಣದಲ್ಲಿಯೇ ಇದ್ದಿದ್ದರೆ ಇಂತಹ ವೇಷ ನಿಲ್ಲುತ್ತಿರಲಿಲ್ಲ. ಆರಿನ್‌ನ ಪಾಠ ಸೇರ್ಪಡೆಯ ನಿಯಮವನ್ನು ತೋರಿಸೆಂದು ಕೇಳಿತು. ಆ ನಿಯಮ ಮುಕ್ತವಾಗಿರಬೇಕೆಂದು ಹೇಳಲಿಲ್ಲ. ಬಾಗಿಲಿನ ಚಿತ್ರವನ್ನು ಕೇಳಿ, ಬಾಗಿಲು ತೆರೆದಿದೆಯೇ ಎಂದು ಕೇಳದೆ ಬಿಟ್ಟಂತಾಯಿತು.

ಮೂರು ಪಾಠಗಳಿಗೂ ಸಾಮಾನ್ಯವಾದುದು ‘ಮೂರು’ ಎಂಬ ಸಂಖ್ಯೆ. ಇಬ್ಬರಿದ್ದರೆ ಅದು ಖಾಸಗಿ ಒಪ್ಪಂದ, ಮೂವರಾದರೆ ಕೂಟ ಎಂಬ ತರ್ಕ ಇದರ ಹಿಂದಿದೆ. ನೋಂದಣಿ ಸಂಸ್ಥೆಯ ಗುಮಾಸ್ತನಿಗೆ ಸದಸ್ಯರನ್ನು ಎಣಿಸುವುದು ಸುಲಭ, ತಾಟಸ್ಥ್ಯವನ್ನು ಅಳೆಯುವುದು ಕಷ್ಟ ಎಂಬ ಸಮರ್ಥನೆಯೂ ಇದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮುಕ್ತತೆಯನ್ನು ಪರೀಕ್ಷಿಸುವುದೂ ಅಸಾಧ್ಯವಲ್ಲ. ಸೇರುವ ಷರತ್ತು ಮತ್ತು ಶುಲ್ಕ ಬಹಿರಂಗವಾಗಿ ಪ್ರಕಟವಾಗಿವೆಯೇ, ಸದಸ್ಯರು ಬೇರೆ ಬೇರೆ ಒಡೆತನಕ್ಕೆ ಸೇರಿದವರೇ ಎಂಬ ಎರಡು ಪ್ರಶ್ನೆಗಳಿಗೆ ಕಾಗದಪತ್ರಗಳಿಂದಲೇ ಉತ್ತರ ದೊರೆಯುತ್ತದೆ. ಸಂಖ್ಯೆ ತಾಟಸ್ಥ್ಯಕ್ಕೆ ಒಂದು ಗುರುತಾಗಬಹುದು. ಗುರುತನ್ನೇ ವಸ್ತುವೆಂದು ತಿಳಿದರೆ ನಿಯಮ ತನ್ನ ಉದ್ದೇಶವನ್ನು ಮರೆತಂತೆ.

4

ಲಕ್ಷಣದ ವಿಚಾರವಾದ ಮೇಲೆ ಪ್ರಮಾಣದ ವಿಚಾರ. ನಾಲ್ಕನೆಯ ಆವೃತ್ತಿಯ ವಿಳಾಸಗಳ ಒಟ್ಟು ಸಂಖ್ಯೆ 429 ಕೋಟಿ 49 ಲಕ್ಷ 67 ಸಾವಿರದ 296. ಇವುಗಳ ಕೇಂದ್ರ ಭಂಡಾರ 2011ರ ಫೆಬ್ರವರಿ 3ರಂದು ಬರಿದಾಯಿತು. ಉಳಿದಿದ್ದ ಐದು ದೊಡ್ಡ ಭಾಗಗಳನ್ನು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಒಂದೊಂದರಂತೆ ಕೊಡಲಾಯಿತು. ಮುಂದೆ ಹುಟ್ಟಲಿರುವ ವಿನಿಮಯಕೇಂದ್ರಗಳಿಗೆ ವಿಳಾಸವೇ ಇಲ್ಲದಂತಾಗಬಾರದೆಂದು ರೈಪ್ ಸಮುದಾಯ 2011ರ ಪ್ರಸ್ತಾವವೊಂದರ ಮೂಲಕ ತನ್ನ ಕೊನೆಯ ಭಾಗದಿಂದ 65,536 ವಿಳಾಸಗಳನ್ನು ಬೇರೆಯಾಗಿ ಕಾಯ್ದಿರಿಸಿತು. ಊರಿನ ಹೊಲಗಳೆಲ್ಲ ಹಂಚಿಹೋಗುವ ಮುನ್ನ ಗೋಮಾಳವನ್ನು ಗುರುತಿಸಿದಂತೆ ಇದು ದೂರದೃಷ್ಟಿಯ ಕೆಲಸ. 2019ರಲ್ಲಿ ಈ ಮೀಸಲನ್ನು ಇಮ್ಮಡಿಗೊಳಿಸಿ 1,31,072 ಮಾಡಲಾಯಿತು. ಅದೇ ವರ್ಷದ ನವೆಂಬರ್ 25ರಂದು ರೈಪ್‌ನ ಸಾಮಾನ್ಯ ಭಂಡಾರ ಪೂರ್ತಿಯಾಗಿ ಮುಗಿಯಿತು. ಇಮ್ಮಡಿಯಾದ ಮೇಲೂ ಈ ಮೀಸಲು ಒಟ್ಟು ವಿಳಾಸರಾಶಿಯ 32,768ರಲ್ಲಿ ಒಂದು ಪಾಲು ಮಾತ್ರ ಎಂಬುದನ್ನು ಗಮನಿಸಬೇಕು.

ಮೊದಲು ಹೊಸ ಕೇಂದ್ರಕ್ಕೆ 256 ವಿಳಾಸಗಳ ತುಂಡನ್ನು ಕೊಡುವುದು ವಾಡಿಕೆಯಾಗಿತ್ತು. 2023ರಲ್ಲಿ ಮಂಡಿತವಾಗಿ ಅಂಗೀಕೃತವಾದ ತಿದ್ದುಪಡಿ ಅದನ್ನು 64ಕ್ಕೆ ಇಳಿಸಿತು. ಇದರ ಹಿಂದಿನ ಗಣಿತ ಸರಳವಾಗಿದೆ: 1,31,072ನ್ನು 256ರ ತುಂಡುಗಳಾಗಿ ಕಡಿದರೆ 512 ಕೇಂದ್ರಗಳಿಗೆ ಸಾಕು, 64ರ ತುಂಡುಗಳಾಗಿ ಕಡಿದರೆ 2,048 ಕೇಂದ್ರಗಳಿಗೆ ಸಾಕು. ಚಿಕ್ಕ ಊರುಗಳ ಕೇಂದ್ರಗಳಲ್ಲಿ ಸದಸ್ಯರು ಹತ್ತಿಪ್ಪತ್ತಕ್ಕಿಂತ ಹೆಚ್ಚಿರುವುದು ಅಪರೂಪ. ಮಾರ್ಗಪಟ್ಟಿಗಳಲ್ಲಿ 256ಕ್ಕಿಂತ ಚಿಕ್ಕ ತುಂಡನ್ನು ಜಾಲಗಳು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲವಾದರೂ, ಕೇಂದ್ರದ ವಿಳಾಸಗಳು ಹೊರಗೆ ಪ್ರಕಟವಾಗಬೇಕಾದುವೇ ಅಲ್ಲವಾದುದರಿಂದ ಆ ತೊಡಕು ಇಲ್ಲಿಲ್ಲ. ಇಷ್ಟರಮಟ್ಟಿಗೆ ತಿದ್ದುಪಡಿ ಸಾಧುವಾದುದು.

ಆದರೆ ಗಣಿತದ ಇನ್ನೊಂದು ಮಗ್ಗುಲನ್ನೂ ನೋಡಬೇಕು. 64ರ ತುಂಡಿನಲ್ಲಿ ಬಳಕೆಗೆ ಬರುವುವು 62. ಮಾರ್ಗಗಳನ್ನು ಎಲ್ಲರಿಗೂ ತಲಪಿಸುವ ಎರಡು ರೂಟ್ ಸರ್ವರುಗಳನ್ನು ಕಳೆದರೆ 60. ಕೆಲವು ಸದಸ್ಯರು ಭದ್ರತೆಗಾಗಿ ಎರಡೆರಡು ರೂಟರುಗಳನ್ನು ಜೋಡಿಸುವುದರಿಂದ ಸುಮಾರು 40 ಸದಸ್ಯರಾಗುವ ಹೊತ್ತಿಗೇ ಜಾಗ ತುಂಬಬಹುದು. ಆಗ ದೊಡ್ಡ ತುಂಡನ್ನು ಕೇಳಬಹುದು. ಆದರೆ ಹಳೆಯದನ್ನು ಹಿಂದಿರುಗಿಸಬೇಕು. ಎಂದರೆ ಪ್ರತಿಯೊಬ್ಬ ಸದಸ್ಯನೂ ತನ್ನ ರೂಟರಿನ ವಿಳಾಸವನ್ನು ಬದಲಿಸಬೇಕು; ಅವನೊಡನೆ ನೇರ ಸಂಬಂಧವಿಟ್ಟುಕೊಂಡ ಪ್ರತಿಯೊಬ್ಬನೂ ತನ್ನ ಬರಹದಲ್ಲಿ ಆ ಬದಲಾವಣೆಯನ್ನು ಸೇರಿಸಿಕೊಳ್ಳಬೇಕು. 60 ರೂಟರುಗಳು ಪರಸ್ಪರ ಎಲ್ಲರೊಡನೆಯೂ ನೇರವಾಗಿ ಸಂಬಂಧ ಬೆಳೆಸಿದ್ದರೆ ಸಂಬಂಧಗಳ ಸಂಖ್ಯೆ 1,770. ರೂಟ್ ಸರ್ವರಿನ ಮೂಲಕ ಮಾತ್ರ ವ್ಯವಹರಿಸುವವರು ಹೆಚ್ಚಿದ್ದಷ್ಟೂ ಈ ಸಂಖ್ಯೆ ಇಳಿಯುತ್ತದೆ. ಆದರೂ ಬದಲಾವಣೆಯ ರಾತ್ರಿ ಯಾರೊಬ್ಬರು ಎಚ್ಚರ ತಪ್ಪಿದರೂ ಅವರ ಬಳಕೆದಾರರ ಸಂಚಾರ ದೂರದ ದಾರಿಯನ್ನು ಹಿಡಿಯುತ್ತದೆ.

ಹೀಗೆ ಮಿತವ್ಯಯದ ಲಾಭ ನೋಂದಣಿ ಸಂಸ್ಥೆಯ ಲೆಕ್ಕದಲ್ಲಿಯೂ ಅದರ ವೆಚ್ಚ ಬೆಳೆಯುತ್ತಿರುವ ಕೇಂದ್ರದ ಸದಸ್ಯರ ಲೆಕ್ಕದಲ್ಲಿಯೂ ಬೀಳುತ್ತವೆ. ನಿಯಮ ಈ ವೆಚ್ಚವನ್ನು ಎಣಿಸುವುದಿಲ್ಲ. ಪರಿಹಾರ ಕಷ್ಟವಾದುದೇನಲ್ಲ. ಹೊಸ ಕೇಂದ್ರಕ್ಕೆ 64 ಕೊಟ್ಟಾಗ ಅದರ ಪಕ್ಕದ 64ನ್ನು ಗೊತ್ತಾದ ಕೆಲವು ವರ್ಷಗಳವರೆಗೆ ಬೇರೆ ಯಾರಿಗೂ ಕೊಡದೆ ಬಿಡಬಹುದು. ಕೇಂದ್ರ ಬೆಳೆದರೆ ಸದಸ್ಯರು ತುಂಡಿನ ಅಳತೆಯನ್ನು ಮಾತ್ರ ತಿದ್ದಿಕೊಂಡರೆ ಸಾಕು. ವಿಳಾಸಗಳೂ ಸಂಬಂಧಗಳೂ ಹಾಗೆಯೇ ಉಳಿಯುತ್ತವೆ. ಬೆಳೆಯದಿದ್ದರೆ ಅವಧಿ ಕಳೆದ ಮೇಲೆ ಪಕ್ಕದ ತುಂಡು ಮೀಸಲಿಗೆ ಮರಳುತ್ತದೆ.

5

ಹೊರಗೆ ಪ್ರಕಟಿಸಬಾರದ ವಿಳಾಸ ಎಂದು ಮೇಲೆ ಹೇಳಿದೆವು. ಇದರ ಮಹತ್ತ್ವ 2013ರ ಮಾರ್ಚಿಯಲ್ಲಿ ಎಲ್ಲರಿಗೂ ಮನದಟ್ಟಾಯಿತು. ಅನಪೇಕ್ಷಿತ ಅಂಚೆಯನ್ನು ತಡೆಯುವ ಸ್ಪ್ಯಾಮ್‌ಹೌಸ್ ಎಂಬ ಸಂಸ್ಥೆಯ ಮೇಲೆ ದಾಳಿ ಮಾಡಿದವರು, ಅದನ್ನು ರಕ್ಷಿಸುತ್ತಿದ್ದ ಜಾಲ ನೇರದ ಹೊಡೆತಕ್ಕೆ ಬಗ್ಗದಿದ್ದಾಗ, ಆ ಜಾಲ ಸೇರಿದ್ದ ವಿನಿಮಯಕೇಂದ್ರಗಳ ವಿಳಾಸಗಳತ್ತಲೇ ಪ್ರವಾಹವನ್ನು ತಿರುಗಿಸಿದರು. ಲಂಡನ್ನಿನ ಕೇಂದ್ರಕ್ಕೆ ಹೆಚ್ಚಿನ ಪೆಟ್ಟು ತಗಲಿತು. ಕೇಂದ್ರದ ತುಂಡನ್ನು ಯಾರೋ ಹೊರಗೆ ಪ್ರಕಟಿಸಿದ್ದರಿಂದ ಇಂತಹ ಪ್ರವಾಹಕ್ಕೆ ಒಳಗೆ ನುಗ್ಗಲು ದಾರಿ ಸಿಗುತ್ತದೆ. ಸಂತೆಗೆ ಬಂದ ಒಬ್ಬನ ಮೇಲಿನ ಹಗೆಗೆ ಸಂತೆಮಾಳಕ್ಕೇ ನೀರು ನುಗ್ಗಿಸಿದಂತೆ ಇದು.

ಹೀಗಿರುವಲ್ಲಿ ಎಪಿನಿಕ್‌ನ ಪಾಠವು ಪ್ರಕಟಣೆಯ ವಿಷಯವನ್ನು ಕೇಂದ್ರದ ಮತ್ತು ಸದಸ್ಯರ ವಿವೇಚನೆಗೆ ಬಿಟ್ಟಿರುವುದು ವಿಚಾರಾರ್ಹ. ಮಾರ್ಗಗಳನ್ನು ಆಳುವ ಅಧಿಕಾರ ನೋಂದಣಿ ಸಂಸ್ಥೆಗಿಲ್ಲವೆಂಬ ಸಂಕೋಚ ಇದರಲ್ಲಿ ಕಾಣುತ್ತದೆ. ಆ ಸಂಕೋಚ ನ್ಯಾಯವಾದುದೇ. ಆದರೂ ಆಜ್ಞೆಗೂ ಮೌನಕ್ಕೂ ನಡುವೆ ಸಲಹೆಯೆಂಬುದೊಂದಿದೆ. ಪ್ರಕಟಿಸದಿರುವುದೇ ಲೇಸೆಂದು ಪಾಠವೇ ಹೇಳಿದರೆ ಹೊಸದಾಗಿ ಕೇಂದ್ರ ಕಟ್ಟುವವರಿಗೆ ದಾರಿ ತೋರಿದಂತಾಗುತ್ತದೆ.

ಭಾರತದ ಮಟ್ಟಿಗೆ ತಾಟಸ್ಥ್ಯದ ಪ್ರಶ್ನೆಗೆ ಇನ್ನೊಂದು ಮುಖವಿದೆ. ವಿನಿಮಯಕೇಂದ್ರಗಳನ್ನು ನಡೆಸುವ ನಿಕ್ಸಿಯೇ 2012ರಿಂದ ಐರಿನ್ ಎಂಬ ಹೆಸರಿನಲ್ಲಿ ದೇಶದ ವಿಳಾಸ ನೋಂದಣಿಯನ್ನೂ ನಡೆಸುತ್ತಿದೆ. ಮುಂಬಯಿ ಮೊದಲಾದ ನಗರಗಳಲ್ಲಿ ಖಾಸಗಿ ವಿನಿಮಯಕೇಂದ್ರಗಳೂ ಬೆಳೆದಿವೆ. ಎಂದರೆ ಕೇಂದ್ರಗಳಲ್ಲಿ ಒಂದನ್ನು ನಡೆಸುವವರೇ ಇತರ ಕೇಂದ್ರಗಳಿಗೆ ನೆಲ ಅಳೆದು ಕೊಡುವ ಶಾನುಭೋಗರೂ ಆಗಿದ್ದಾರೆ. ಇದರಿಂದ ಅನ್ಯಾಯ ನಡೆದಿದೆಯೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಎಪಿನಿಕ್‌ನಿಂದ ನೇರವಾಗಿ ವಿಳಾಸ ಪಡೆಯುವ ದಾರಿ ಭಾರತದ ಸಂಸ್ಥೆಗಳಿಗೂ ತೆರೆದಿರುವುದು ಸಮಾಧಾನದ ಸಂಗತಿ. ಆದರೆ ತಾಟಸ್ಥ್ಯದ ಆಧಾರದ ಮೇಲೆಯೇ ನಿಂತ ಸೌಲಭ್ಯವನ್ನು ಹಂಚುವ ಕೈಯೂ ತಟಸ್ಥವಾಗಿ ಕಾಣಬೇಕು. ಎರಡು ಕೆಲಸಗಳ ನಡುವಣ ಗೋಡೆ ಹೊರಗಿನವರಿಗೂ ಕಾಣುವಂತಿದ್ದರೆ ಆ ಸಂಸ್ಥೆಗೇ ಗೌರವ.

6

ಕೊನೆಯದಾಗಿ, ಈ ಎಲ್ಲ ಚರ್ಚೆಯ ಬೇರಿನಲ್ಲಿರುವ ಅಭಾವ ಎಷ್ಟು ಕಾಲ ನಿಲ್ಲತಕ್ಕುದು ಎಂಬುದನ್ನು ಕೇಳಬೇಕು. ಆರನೆಯ ಆವೃತ್ತಿಯಲ್ಲಿ ವಿಳಾಸಗಳಿಗೆ ಬರವಿಲ್ಲ. ರೈಪ್ ಕೇಂದ್ರಗಳಿಗೆಂದೇ ಅದರಲ್ಲಿ ಒಂದು ದೊಡ್ಡ ಭಾಗವನ್ನು ಬೇರೆ ಇಟ್ಟಿದೆ. 2010ರ ಆರ್.ಎಫ್.ಸಿ. 5963 ಕೇಂದ್ರಗಳಲ್ಲಿ ಈ ವಿಳಾಸಗಳನ್ನು ಜೋಡಿಸುವ ಕ್ರಮವನ್ನು ವಿವರಿಸಿದೆ. ಸದಸ್ಯನ ಸ್ವಾಯತ್ತ ಸಂಖ್ಯೆಯನ್ನೇ ವಿಳಾಸದೊಳಗೆ ಹೊಂದಿಸಿ ಬರೆಯುವ ಪದ್ಧತಿಯೂ ಅದರಲ್ಲಿದೆ. ಇದಕ್ಕಿಂತ ಮುಖ್ಯವಾದುದು 2009ರಲ್ಲಿ ಆರ್.ಎಫ್.ಸಿ. 5549ರಲ್ಲಿಯೂ ಪರಿಷ್ಕೃತವಾಗಿ 2020ರಲ್ಲಿ ಆರ್.ಎಫ್.ಸಿ. 8950ರಲ್ಲಿಯೂ ಪ್ರಕಟವಾದ ವಿಧಾನ. ನಾಲ್ಕನೆಯ ಆವೃತ್ತಿಯ ಸಂಚಾರಕ್ಕೆ ಮುಂದಿನ ಮೆಟ್ಟಿಲಾಗಿ ಆರನೆಯ ಆವೃತ್ತಿಯ ವಿಳಾಸವನ್ನು ತೋರಿಸಬಹುದೆಂಬುದು ಅದರ ಸಾರ. ಹಾಗಾದರೆ ಕೇಂದ್ರದ ನೆಲದ ಮೇಲೆ ನಾಲ್ಕನೆಯ ಆವೃತ್ತಿಯ ವಿಳಾಸ ಒಂದೂ ಇಲ್ಲದೆ ಆ ಆವೃತ್ತಿಯ ವಿನಿಮಯ ನಡೆಯಬಹುದು. ಎಲ್ಲ ಸದಸ್ಯರ ರೂಟರುಗಳೂ ಇದನ್ನು ಬಲ್ಲುವಾಗಿರಬೇಕು ಎಂಬುದೊಂದೇ ತೊಡಕು. ಕೂಟದಲ್ಲಿ ಒಬ್ಬನಿಗೆ ತಿಳಿಯದ ಭಾಷೆಯಲ್ಲಿ ಉಳಿದವರು ಅವನೊಡನೆ ವ್ಯವಹರಿಸಲಾರರು.

ಈ ತೊಡಕು ತಾನಾಗಿ ತೀರುವುದಿಲ್ಲ. 256ನ್ನು 64 ಮಾಡುವುದು ಬರಗಾಲದಲ್ಲಿ ಅಳತೆಯ ಪಾವನ್ನು ಚಿಕ್ಕದು ಮಾಡಿದಂತೆ. ಕಣಜ ಹೆಚ್ಚು ದಿನ ಬರುತ್ತದೆ, ಬೆಳೆ ಬರುವುದಿಲ್ಲ. ನಾಲ್ಕನೆಯ ಆವೃತ್ತಿಯ ತುಂಡನ್ನು ಕೇಳುವ ಕೇಂದ್ರ ಆರನೆಯ ಆವೃತ್ತಿಯನ್ನೂ ಮೊದಲ ದಿನದಿಂದಲೇ ನಡೆಸಬೇಕು, ಹೊಸ ವಿಧಾನವನ್ನು ಬಲ್ಲ ಸದಸ್ಯರಿಗೆ ಅದನ್ನು ಬಳಸಲು ಅವಕಾಶ ಕೊಡಬೇಕು ಎಂಬ ಷರತ್ತನ್ನು ನಿಯಮದಲ್ಲಿ ಸೇರಿಸಿದರೆ ಮೀಸಲಿನ ಉದ್ದೇಶ ಸಾರ್ಥಕವಾದೀತು.

ಒಟ್ಟಿನಲ್ಲಿ ಈ ನಿಯಮಗಳು ಸದುದ್ದೇಶದಿಂದ ಹುಟ್ಟಿದುವು. ಬಹಿರಂಗ ಸಭೆಗಳಲ್ಲಿ ಚರ್ಚೆಯಾಗಿ, ಯಾರು ಬೇಕಾದರೂ ಆಕ್ಷೇಪಿಸಬಹುದಾದ ಕ್ರಮದಲ್ಲಿ ರೂಪುಗೊಂಡುವು. ಅವುಗಳ ಗುಣ ದೊಡ್ಡದು. ಕೊರತೆಯೆಂದರೆ, ಎಣಿಕೆಗೆ ಸಿಗುವುದನ್ನು ಬಿಗಿಯಾಗಿ ಹಿಡಿದು, ಎಣಿಕೆಗೆ ಸಿಗದ ಮೂಲತತ್ತ್ವವನ್ನು ಸಡಿಲವಾಗಿ ಬಿಟ್ಟಿವೆ. ಲಕ್ಷಣದಲ್ಲಿ ರೈಪ್‌ನ ಮುಕ್ತತೆಯೂ ಎಪಿನಿಕ್‌ನ ಸ್ವಾಯತ್ತ ಜಾಲವೆಂಬ ಶಬ್ದವೂ ಕೂಡಿದರೆ, ಅದರೊಡನೆ ಬೇರೆ ಬೇರೆ ಒಡೆತನವೆಂಬ ವಿಶೇಷಣವೂ ಸೇರಿದರೆ, ಅವ್ಯಾಪ್ತಿ ಅತಿವ್ಯಾಪ್ತಿಗಳೆರಡೂ ಬಹುಮಟ್ಟಿಗೆ ನೀಗುತ್ತವೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಜಾಲಶಾಸ್ತ್ರವನ್ನು ಕಲಿಸುವಾಗ ವಿಳಾಸದ ಗಣಿತವನ್ನು ಹೇಳಿಕೊಡುತ್ತೇವೆ. ಆ ವಿಳಾಸ ಯಾರಿಗೆ ಯಾವ ನ್ಯಾಯದಿಂದ ಸಲ್ಲುತ್ತದೆಂಬುದನ್ನು ಹೇಳಿಕೊಡುವುದಿಲ್ಲ. ಈ ನಿಯಮಪಾಠಗಳನ್ನು ತರಗತಿಯಲ್ಲಿ ಓದಿಸಿ ಚರ್ಚಿಸಿದರೆ, ಮುಂದೆ ಅವುಗಳನ್ನು ತಿದ್ದುವ ಸಭೆಗಳಲ್ಲಿ ನಮ್ಮ ವಿದ್ಯಾರ್ಥಿಗಳ ದನಿಯೂ ಕೇಳಿಬಂದೀತು.